ಮಾರ್ಫೋ ಚಿಟ್ಟೆಯ ನೀಲಿ ಯಾವ ಶಾಸ್ತ್ರಕ್ಕೆ ಸೇರಿದ್ದು?

ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ಮಾರ್ಫೋ ಎಂಬ ಕುಲದ ಚಿಟ್ಟೆಗಳು ವಾಸಿಸುತ್ತವೆ. ೧೮೪೮ರಿಂದ ಹನ್ನೊಂದು ವರ್ಷಗಳ ಕಾಲ ಅಮೆಜಾನ್ ನದಿಯ ಪ್ರದೇಶದಲ್ಲಿ ಸಂಚರಿಸಿದ ಆಂಗ್ಲ ನಿಸರ್ಗವಿಜ್ಞಾನಿ ಹೆನ್ರಿ ವಾಲ್ಟರ್ ಬೇಟ್ಸ್‌ರವರು, ಇವುಗಳಲ್ಲೊಂದು ಪ್ರಭೇದದ ನೀಲಿ ಮಿಂಚು ಕಾಲು ಮೈಲಿಯಾಚೆಗೂ ಕಾಣುವುದೆಂದು ಬರೆದಿದ್ದಾರೆ. ಮಿಂಚು ಎಂಬ ಮಾತು ಇಲ್ಲಿ ಉಚಿತವೇ. ರೆಕ್ಕೆಯ ಮೇಲ್ಮೈ ಮಾತ್ರ ನೀಲಿ. ಕೆಳಮೈ ತರಗೆಲೆಯಂತೆ ಕಂದು, ಅದರಲ್ಲಿ ಕಣ್ಣಿನಾಕಾರದ ಬೊಟ್ಟುಗಳು. ಹಾರುವಾಗ ನೀಲಿಯು ಹೊತ್ತಿ ಆರುತ್ತ, ಹೊತ್ತಿ ಆರುತ್ತ ಸಾಗುವುದರಿಂದ ಬೆನ್ನಟ್ಟಿದ ಹಕ್ಕಿಗೆ ಗುರಿ ತಪ್ಪುವುದೆಂದು ಪ್ರಾಣಿಶಾಸ್ತ್ರಜ್ಞರ ಊಹೆ. ಕೊಳೆತ ಹಣ್ಣಿನ ರಸ ಹೀರಲು ರೆಕ್ಕೆ ಮಡಿಸಿ ಕುಳಿತಿತೆಂದರೆ ಚಿಟ್ಟೆ ಕಾಡಿನ ನೆಲದಲ್ಲಿ ಕಣ್ಮರೆ.

ಆಶ್ಚರ್ಯವೆಂದರೆ, ಆ ರೆಕ್ಕೆಯಲ್ಲಿ ನೀಲಿಯ ವರ್ಣದ್ರವ್ಯ ಎಳ್ಳಷ್ಟೂ ಇಲ್ಲ. ಬೆಳಕಿಗೆ ಅಡ್ಡವಾಗಿ ಹಿಡಿದರೆ ಕಂದು ಮಾತ್ರ ಕಾಣುತ್ತದೆ. ಒಂದು ತೊಟ್ಟು ಮದ್ಯಸಾರ ಬಿಟ್ಟರೆ ಆ ಜಾಗ ಹಸಿರಾಗುತ್ತದೆ. ಆರಿದೊಡನೆ ಮರಳಿ ನೀಲಿ! ಸೀರೆಗೆ ಹಾಕಿದ ಯಾವ ಬಣ್ಣ ಹೀಗೆ ನಡೆದುಕೊಂಡೀತು?

ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಸೂಕ್ಷ್ಮ ಹುರುಪೆಗಳಿವೆ. ಹುರುಪೆಯ ಮೇಲೆ ಸಾಲುಸಾಲಾಗಿ ಏಣುಗಳು. ಏಣಿನ ಎರಡು ಪಕ್ಕಗಳಲ್ಲೂ, ಪುಸ್ತಕದ ಬೀರುವಿನ ಹಲಗೆಗಳಂತೆ, ಕೈಟಿನ್ ಎಂಬ ವಸ್ತುವಿನ ತೆಳುಪದರಗಳು, ನಡುವೆ ಗಾಳಿ. ಒಂದು ಪದರದಿಂದ ಮುಂದಿನದಕ್ಕೆ ಸುಮಾರು ೨೦೦ ನ್ಯಾನೊಮೀಟರ್, ಎಂದರೆ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ. ಈ ಅಂತರದಲ್ಲಿ, ಪದರಗಳಿಂದ ಹಿಂದಿರುಗಿದ ಅಲೆಗಳ ಪೈಕಿ ನೀಲಿಯವೇ ಉಬ್ಬಿಗೆ ಉಬ್ಬು ಕೂಡಿ ಬಲಗೊಳ್ಳುತ್ತವೆ. ಗಾಳಿಯ ಜಾಗಕ್ಕೆ ಮದ್ಯಸಾರ ಹೊಕ್ಕರೆ ಬೆಳಕಿನ ಹಾದಿ ಉದ್ದವಾದಂತಾಗಿ ಆ ಯೋಗ ಹಸಿರಿಗೆ ಒದಗುತ್ತದೆ. ಮೆಲನಿನ್ ಎಂಬ ಕಂದು ದ್ರವ್ಯವು ಉಳಿದ ಬೆಳಕನ್ನು ನುಂಗುವುದರಿಂದ ನೀಲಿಗೆ ಗಾಢತೆ ಬರುತ್ತದೆ.

ಆದರೆ ಸಾಬೂನಿನ ಗುಳ್ಳೆಯ ಬಣ್ಣ ನೋಡುವ ಕೋನದೊಡನೆ ಬದಲಾಗುವುದಲ್ಲ, ಮಾರ್ಫೋವಿನ ನೀಲಿ ಏಕೆ ಬಹುಮಟ್ಟಿಗೆ ನೀಲಿಯಾಗಿಯೇ ಉಳಿಯುತ್ತದೆ? ಏಣುಗಳು ಬಹಳ ಕಿರಿದು. ಅವುಗಳ ಎತ್ತರವೂ ಸಮನಾಗಿಲ್ಲ. ಕಿರಿದಾದ್ದರಿಂದ ಬೆಳಕು ಅಗಲವಾಗಿ ಹರಡುತ್ತದೆ; ಎತ್ತರ ಸಮನಿಲ್ಲದ್ದರಿಂದ ಒಂದು ಏಣಿನ ಅಲೆಗಳು ಇನ್ನೊಂದರವುಗಳೊಡನೆ ಮೇಳೈಸಿ ಬೇರೆ ಬಣ್ಣಗಳ ಪಟ್ಟೆಗಳನ್ನು ಮೂಡಿಸುವುದಿಲ್ಲ. ಪದರಗಳಲ್ಲಿ ಕಟ್ಟುನಿಟ್ಟು, ಏಣುಗಳಲ್ಲಿ ಅಸ್ತವ್ಯಸ್ತ! ಎರಡೂ ಸೇರಿದರೇ ಈ ನೀಲಿ.

ಬೆಳಕಿನ ವೇಗವನ್ನಳೆದ ಮೈಕಲ್‌ಸನ್‌ರು ೧೯೧೧ರಲ್ಲಿ ಇಂಥ ಕೀಟವರ್ಣಗಳನ್ನು ಲೋಹದ ಹೊಳಪಿನ ಜಾತಿಗೆ ಸೇರಿಸಿದ್ದರು. ೧೯೧೯ರಲ್ಲಿ ರ‍್ಯಾಲೇ ಅವರು ಪದರಗಳ ರಚನೆಯೇ ಕಾರಣವೆಂಬ ಪಕ್ಷಕ್ಕೆ ಒಲಿದರು. ೧೯೪೨ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಆ ರಚನೆಯನ್ನು ಕಣ್ಣಿಗೆ ತೋರಿಸಿತು. ಬೆಂಗಳೂರಿನಲ್ಲಿ ರಾಮನ್‌ರವರು ೧೯೩೫ರಲ್ಲಿ ಚಿಪ್ಪುಗಳ ಮತ್ತು ಹಕ್ಕಿಗರಿಗಳ ವರ್ಣಗಳನ್ನು ಕುರಿತು ಲೇಖನಗಳನ್ನು ಪ್ರಕಟಿಸಿದ್ದರು. ಇವರಾರೂ ಗರಿ ರೆಕ್ಕೆಗಳನ್ನು ಪ್ರಾಣಿಶಾಸ್ತ್ರದ ಸ್ವತ್ತೆಂದು ದೂರವಿಟ್ಟವರಲ್ಲ.

ನಮ್ಮ ಕಾಲೇಜುಗಳ ವ್ಯವಸ್ಥೆಯಾದರೋ ಬೇರೆ. ಭೌತಶಾಸ್ತ್ರದ ಕೊಠಡಿಯಲ್ಲಿ ನ್ಯೂಟನ್ನನ ಉಂಗುರಗಳಿವೆ. ಪ್ರಾಣಿಶಾಸ್ತ್ರದ ಕೊಠಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಚಿಟ್ಟೆಗಳಿವೆ. ಪದವಿಪೂರ್ವ ತರಗತಿಗೆ ಸೇರುವಾಗಲೇ ಗಣಕವಿಜ್ಞಾನ ಬೇಕೆಂದ ಹುಡುಗ ಜೀವಶಾಸ್ತ್ರಕ್ಕೆ ವಿದಾಯ ಹೇಳುತ್ತಾನೆ. ಹದಿನಾರರ ವಯಸ್ಸಿನಲ್ಲಿ ಈ ಭಾಗವಾಟಿಕೆ ಆಗಬಾರದೆಂಬುದು ನನ್ನ ಅಭಿಪ್ರಾಯ. ಪಠ್ಯಭಾಗ ಮುಗಿಯಬೇಕಲ್ಲ ಎಂದು ಸಹೋದ್ಯೋಗಿಗಳು ಕೇಳುವುದು ಸಹಜವೇ. ಆದರೆ ನೀಲಿ ಹೇಗೆ ಹುಟ್ಟಿತೆಂದು ಮಾತ್ರ ನಾನು ಹೇಳಬಲ್ಲೆ. ಹಲವು ಪ್ರಭೇದಗಳಲ್ಲಿ ಗಂಡಿಗೇ ಅದು ಹೆಚ್ಚಾಗಿ ಏಕೆ ಬಂತೆಂಬುದಕ್ಕೆ ಪಕ್ಕದ ಕೊಠಡಿಯವರನ್ನು ಕರೆಯಲೇಬೇಕು. ಅದಕ್ಕೆ ಅಮೆಜಾನಿನ ಚಿಟ್ಟೆಯೂ ಬೇಡ. ನವಿಲುಗರಿಯ ಬಣ್ಣವೂ ರಚನೆಯಿಂದಲೇ ಹುಟ್ಟಿದ್ದು. ವರ್ಷಕ್ಕೊಂದು ದಿನ ಇಬ್ಬರು ಅಧ್ಯಾಪಕರೂ ಒಂದೇ ತರಗತಿಯಲ್ಲಿ ನಿಂತು, ಉದುರಿದ ಒಂದು ಗರಿಯನ್ನು ಮೊದಲು ಬಿಸಿಲಿನಲ್ಲಿ, ಅನಂತರ ಕಿಟಕಿಯ ಬೆಳಕಿಗೆ ಅಡ್ಡವಾಗಿ ಹಿಡಿದು ತೋರಿಸಲಿ. ಪ್ರಶ್ನೆಗಳನ್ನು ಹುಡುಗರೇ ಕೇಳುತ್ತಾರೆ.