ಕಟ್ಟುವುದಕ್ಕೆ ಹಣವಿದೆ, ನಡೆಸುವುದಕ್ಕೆ?

ಕಲ್ಯಾಣ ಕರ್ನಾಟಕ ಹಿಂದುಳಿದಿರುವುದಕ್ಕೆ ಹಣದ ಕೊರತೆಯನ್ನಷ್ಟೇ ದೂರುವ ಕಾಲ ಮುಗಿದಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಗುರುತಿಸಿತು. ಆ 39ರಲ್ಲಿ 21 ಈ ಪ್ರದೇಶದ, ಅಂದರೆ ಕಲಬುರಗಿ ವಿಭಾಗದವೇ. ಬಳಿಕ ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ 371(ಜೆ) ವಿಧಿ ಸಂವಿಧಾನಕ್ಕೆ ಸೇರಿತು, ಇದರ ಪ್ರದೇಶಾಭಿವೃದ್ಧಿ ಮಂಡಳಿ ಬಂತು. 2023–24ರಲ್ಲಿ ಆ ಮಂಡಳಿಗೆ ರಾಜ್ಯ ಬಜೆಟ್ 5,000 ಕೋಟಿ ರೂಪಾಯಿ ಘೋಷಿಸಿತು. ಆದರೂ ದೇವದುರ್ಗ, ಸುರಪುರದ ಒಳಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ನಿಂತಿಲ್ಲ. ಅನುದಾನ ಎಷ್ಟು ಬಂತೆಂದು ಕೇಳುವಷ್ಟೇ ಗಟ್ಟಿಯಾಗಿ, ಅದು ಯಾವ ರೂಪದಲ್ಲಿ ಊರು ಮುಟ್ಟಿತೆಂದೂ ಕೇಳಬೇಕಾಗಿದೆ.

ನಮ್ಮ ಅನುದಾನಕ್ಕೆ ಗೊತ್ತಿರುವುದು ‘ಕಾಮಗಾರಿ’ಯ ಭಾಷೆಯೊಂದೇ. ಟೆಂಡರ್, ಬಿಲ್, ಹಣ ಬಳಕೆ ಪ್ರಮಾಣಪತ್ರ: ಅಲ್ಲಿಗೆ ಕಡತ ಮುಚ್ಚುತ್ತದೆ, ಊರಿನ ಖರ್ಚು ಅಲ್ಲಿಂದಲೇ ಶುರುವಾಗುತ್ತದೆ. ಶುದ್ಧ ಕುಡಿಯುವ ನೀರಿನ ಘಟಕವನ್ನೇ ನೋಡಿ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ರಾಯಚೂರು, ಯಾದಗಿರಿಯ ಹಳ್ಳಿಗಳಿಗೆ ಅದು ಶೋಕಿಯಲ್ಲ, ಮಕ್ಕಳ ಹಲ್ಲು ಮತ್ತು ಮೂಳೆಯ ಪ್ರಶ್ನೆ. ಘಟಕ ನಡೆಯಬೇಕಾದರೆ ಶೋಧಕ ಪೊರೆ ಕಾಲಕಾಲಕ್ಕೆ ಬದಲಾಗಬೇಕು, ಕರೆಂಟ್ ಬಿಲ್ ಕಟ್ಟಬೇಕು, ನೋಡಿಕೊಳ್ಳುವವನಿಗೆ ಕೂಲಿ ಸಿಗಬೇಕು. ಪಟ್ಟಣದ ಪಕ್ಕದ ಊರಿಗೆ ಮೆಕ್ಯಾನಿಕ್ ಅದೇ ದಿನ ಬರುತ್ತಾನೆ. ದೂರದ ತಾಂಡಾಕ್ಕೆ ಅವನನ್ನು ಕರೆಸುವ ಖರ್ಚೇ ಕೆಲವೊಮ್ಮೆ ರಿಪೇರಿಯ ಖರ್ಚನ್ನು ಮೀರುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು. ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಾಗಿದ್ದ ಉಳಿದ ಶೇ 40ರಿಂದಲೂ ಸಂಬಳ ಕೊಡುವಂತಿರಲಿಲ್ಲ. ಯಂತ್ರ ಬಂದರೂ ಅದನ್ನು ನಡೆಸುವ ಕೈಗೆ ಕೂಲಿ ಹುಟ್ಟದಿದ್ದರೆ, ಬಾಗಿಲಿಗೆ ಬೀಗ ಬೀಳುವುದು ಆಶ್ಚರ್ಯವಲ್ಲ.

ನಿರ್ವಹಣೆಯ ಖರ್ಚನ್ನು ಪಂಚಾಯಿತಿ ತನ್ನ ತೆರಿಗೆಯಿಂದಲೇ ಭರಿಸಲಿ, ಇಲ್ಲದಿದ್ದರೆ ಅವಲಂಬನೆ ಬೆಳೆಯುತ್ತದೆ ಎಂಬ ವಾದವಿದೆ. ತತ್ವವಾಗಿ ಅದು ಸರಿ. ಆದರೆ ಕಾರ್ಖಾನೆ, ಲೇಔಟ್, ಅಂಗಡಿ ಸಾಲುಗಳಿರುವ ಪಂಚಾಯಿತಿಗೂ ಮಳೆಯಾಶ್ರಿತ ಹೊಲಗಳ ನಡುವಿನ ಪಂಚಾಯಿತಿಗೂ ಒಂದೇ ಅಳತೆಗೋಲು ಹಿಡಿದರೆ, ತೆರಿಗೆ ಹುಟ್ಟದ ಊರಿಗೆ ನೀರೂ ಬೇಡವೆಂದಂತಾಗುತ್ತದೆ. ಷರತ್ತಿಲ್ಲದೆ ಕೊಟ್ಟ ಹಣ ಸೋರಿಹೋಗುತ್ತದೆ ಎಂಬ ಇನ್ನೊಂದು ಆಕ್ಷೇಪವನ್ನೂ ತಳ್ಳಿಹಾಕಲಾಗದು. ಆದರೆ ಸೋರಿಕೆಗೆ ಕಾಮಗಾರಿಯೇನೂ ಹೊರತಲ್ಲ. ಗುತ್ತಿಗೆದಾರ ಬಳಸಿದ ಸಿಮೆಂಟಿನ ಪ್ರಮಾಣವನ್ನು ಊರವರು ಅಳೆಯಲಾರರು. ಈ ವಾರ ನೀರು ಬಂತೋ ಇಲ್ಲವೋ ಎಂಬುದು ಮಾತ್ರ ಕೊಡ ಹಿಡಿದವರಿಗೆಲ್ಲ ಗೊತ್ತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮಸಭೆಗೆ ವಹಿಸಿದ ಸಾಮಾಜಿಕ ಲೆಕ್ಕಪರಿಶೋಧನೆ ನಿಜವಾಗಿ ಕೆಲಸ ಮಾಡಬಲ್ಲ ಜಾಗ ಇದೇ.

ಆದ್ದರಿಂದ ಪ್ರತಿ ಅಂದಾಜು ಪಟ್ಟಿಯಲ್ಲಿ ಕಟ್ಟುವ ವೆಚ್ಚದ ಜೊತೆ ಕನಿಷ್ಠ ಐದು ವರ್ಷ ನಡೆಸುವ ವೆಚ್ಚವೂ ಸೇರಲಿ; ಅದು ಗ್ರಾಮ ಪಂಚಾಯಿತಿಯ ಪ್ರತ್ಯೇಕ ಖಾತೆಯಲ್ಲಿರಲಿ. ಹೊಸ ಸಮುದಾಯ ಭವನವೋ ಹಳೆಯ ಘಟಕದ ರಿಪೇರಿಯೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಇದರಿಂದ ಹೊಸ ಕಾಮಗಾರಿಗಳ ಸಂಖ್ಯೆ ಇಳಿಯುತ್ತದೆ, ಉದ್ಘಾಟನೆಯ ಫಲಕಗಳೂ ಕಡಿಮೆಯಾಗುತ್ತವೆ. ಆ ನಷ್ಟವನ್ನು ಊರು ತಾಳಿಕೊಳ್ಳಬಲ್ಲದು. ಮಂಜೂರಾತಿ ಆದೇಶದಲ್ಲಿ ಗುತ್ತಿಗೆಯ ಮೊತ್ತವನ್ನು ಬರೆಯುವವರು, ಐದನೇ ವರ್ಷದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆಂಬುದನ್ನೂ ಬರೆಯಲಿ.