ಗಣಕಯಂತ್ರದ ನಕಾಶೆಯೂ ಗೋಡೆಯ ದಪ್ಪವೂ

ಬಾಗಲಕೋಟೆ ಜಿಲ್ಲೆಯ ಓದುಗ ಬಂಧುಗಳೊಬ್ಬರು ಬರೆದ ಪತ್ರ ನಮ್ಮ ಮುಂದಿದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿರುವ ಅವರು, ಕಾಲೇಜಿನಲ್ಲಿ ಓದುತ್ತಿರುವ ಮಗನ ನೆರವಿನಿಂದ ಸ್ವೀಟ್ ಹೋಮ್ ತ್ರೀಡಿ ಎಂಬ ತಂತ್ರಾಂಶದಲ್ಲಿ ಮನೆಯ ನಕಾಶೆಯನ್ನು ತಾವೇ ಸಿದ್ಧಪಡಿಸಿದ್ದಾರೆ. ಮಲಗುವ ಕೋಣೆ 10 ಅಡಿಗೆ 10 ಅಡಿ. ಅದರಲ್ಲಿ ಆರಡಿ ಅಗಲದ, ಆರೂವರೆ ಅಡಿ ಉದ್ದದ ಮಂಚ. ಮಂಚದ ಕಾಲದಿಸೆಗೆ ಎದುರಾಗಿ ಮೂರಡಿಯ ಬಾಗಿಲು. ಪರದೆಯ ಮೇಲೆ ಎಲ್ಲವೂ ಸುಂದರವಾಗಿ ಹೊಂದಿಕೊಂಡಿವೆ. ಆದರೆ ಊರಿನ ಎಂಜಿನಿಯರರು ಅದನ್ನು ನೋಡಿದ ಕೂಡಲೆ, ಬಾಗಿಲು ತೆರೆದರೆ ಮಂಚಕ್ಕೆ ಬಡಿಯುತ್ತದೆ ಎಂದರಂತೆ. 'ಗಣಕಯಂತ್ರ ಹೊಂದುತ್ತದೆ ಎನ್ನುತ್ತದೆ, ಎಂಜಿನಿಯರರು ಹೊಂದದು ಎನ್ನುತ್ತಾರೆ. ನಾವು ಯಾರನ್ನು ನಂಬಬೇಕು?' ಎಂಬುದು ಅವರ ಪ್ರಶ್ನೆ.

ಇಬ್ಬರೂ ನಿಜವನ್ನೇ ಹೇಳಿದ್ದಾರೆ. ವ್ಯತ್ಯಾಸವಿರುವುದು ಗೋಡೆಯ ದಪ್ಪದಲ್ಲಿ.

ಈ ತಂತ್ರಾಂಶದಲ್ಲಿ ಗೋಡೆಗೆಂದು ನಾವು ಎಳೆಯುವ ಗೆರೆಯು ಗೋಡೆಯ ನಟ್ಟನಡುವಿನ ಗೆರೆ. ದಪ್ಪವು ಅದರ ಎರಡೂ ಬದಿಗೆ ಅರ್ಧರ್ಧವಾಗಿ ಹಂಚಿಹೋಗುತ್ತದೆ. ನಾವಾಗಿ ಬೇರೆ ಅಂಕಿಯನ್ನು ಕೊಡದಿದ್ದರೆ, ಗೋಡೆಯ ದಪ್ಪ ಏಳೂವರೆ ಸೆಂಟಿಮೀಟರು, ಎಂದರೆ ಸುಮಾರು 3 ಅಂಗುಲ, ಎಂದು ಅದು ಹಿಡಿಯುತ್ತದೆ. ಆ ಲೆಕ್ಕದಲ್ಲಿ ಹತ್ತಡಿಯ ಕೋಣೆಯ ಒಳಗೆ 9 ಅಡಿ 9 ಅಂಗುಲ ಉಳಿಯುತ್ತದೆ. ಮಂಚದ ಆರೂವರೆ ಅಡಿಯನ್ನು ಕಳೆದರೆ 3 ಅಡಿ 3 ಅಂಗುಲ. ಮೂರಡಿಯ ಕದ ಸರಾಗವಾಗಿ ತಿರುಗುತ್ತದೆ. ಆದರೆ ಅವರು ಕಟ್ಟಿಸಲಿರುವುದು ಒಂಬತ್ತಂಗುಲದ ಇಟ್ಟಿಗೆಯ ಗೋಡೆ. ಆಗ ಒಳಗಿನ ಅಳತೆ 9 ಅಡಿ 3 ಅಂಗುಲಕ್ಕೆ ಇಳಿಯುತ್ತದೆ. ಎರಡೂ ಗೋಡೆಗಳ ಒಳಮೈಗೆ ಅರ್ಧರ್ಧ ಅಂಗುಲ ಪ್ಲಾಸ್ಟರು ಬಂದರೆ ಮತ್ತೊಂದು ಅಂಗುಲ ಹೋಯಿತು. ಮಂಚದ ಮುಂದೆ ಉಳಿಯುವುದು 2 ಅಡಿ 8 ಅಂಗುಲ ಮಾತ್ರ. ಮೂರಡಿಯ ಕದವು ಅಲ್ಲಿ ತಿರುಗುವುದಾದರೂ ಹೇಗೆ?

ಇದನ್ನು ತಂತ್ರಾಂಶದ ದೋಷವೆಂದು ನಾವು ಭಾವಿಸುವುದಿಲ್ಲ. ದಪ್ಪವನ್ನು ಬದಲಿಸುವ ಸೌಲಭ್ಯ ಅದರಲ್ಲಿಯೇ ಇದೆ. ಅಳತೆಯನ್ನು ಸೆಂಟಿಮೀಟರಿನಲ್ಲಿ ಬೇಕೋ ಅಡಿ-ಅಂಗುಲದಲ್ಲಿ ಬೇಕೋ ಎಂಬುದನ್ನೂ ನಾವೇ ಆರಿಸಿಕೊಳ್ಳಬಹುದು. ಮೊದಲ ಗೆರೆಯನ್ನು ಎಳೆಯುವ ಮುನ್ನವೇ ಹೊರಗೋಡೆಗೆ 9 ಅಂಗುಲ, ಒಳಗೆ ಅಡ್ಡಗೋಡೆಗಳಿದ್ದರೆ ಅವಕ್ಕೆ ನಾಲ್ಕೂವರೆಯೋ ಆರೋ, ಎಂಜಿನಿಯರರನ್ನು ಕೇಳಿ ತುಂಬಿದ್ದರೆ ಈ ಪತ್ರಕ್ಕೆ ಕಾರಣವೇ ಇರುತ್ತಿರಲಿಲ್ಲ. ಮಂಚದ ಮಾತು ಹಾಗಿರಲಿ. 10 ಅಡಿಗೆ 12 ಅಡಿಯ ಕೋಣೆಯೊಂದು ಮೂರಂಗುಲದ ಗೋಡೆಯಲ್ಲಿ ಸುಮಾರು 114 ಚದರಡಿ ಇರುವುದು, ಒಂಬತ್ತಂಗುಲದ ಗೋಡೆಯಲ್ಲಿ 104 ಚದರಡಿಗೆ ಇಳಿಯುತ್ತದೆ. ಜೀವಮಾನದ ಉಳಿತಾಯವನ್ನು ಇಟ್ಟಿಗೆ-ಸಿಮೆಂಟಿಗೆ ಸುರಿಯುವ ಗೃಹಸ್ಥನಿಗೆ ಕೋಣೆಗೆ ಹತ್ತು ಚದರಡಿ ಎಂಬುದು ಸಣ್ಣ ಮಾತಲ್ಲ.

ಇಂಥ ತಂತ್ರಾಂಶಗಳು ಇಂದು ಹಲವು. ಆಟೋಕ್ಯಾಡ್ 1982ರಲ್ಲಿ ಬಂದಿತು. ಅದು ವೃತ್ತಿಯವರ ಉಪಕರಣ, ಕಲಿಯಲು ತಿಂಗಳುಗಳು ಬೇಕು. 2000ದಲ್ಲಿ ಬಂದ ಸ್ಕೆಚ್‌ಅಪ್ ಕೈಗೆ ಬೇಗ ಒಗ್ಗುತ್ತದೆ. ಫ್ರಾನ್ಸಿನ ಎಮ್ಯಾನ್ಯುಯೆಲ್ ಪುಯ್ಬಾರೆ ಎಂಬವರು ರಚಿಸಿದ ಸ್ವೀಟ್ ಹೋಮ್ ತ್ರೀಡಿ ಉಚಿತವಾಗಿ ದೊರೆಯುತ್ತದೆ. ಒಂದೇ ಪರದೆಯಲ್ಲಿ ಮೇಲೆ ನಕಾಶೆಯನ್ನೂ ಕೆಳಗೆ ಕಟ್ಟಿದ ಮನೆಯ ನೋಟವನ್ನೂ ತೋರಿಸುತ್ತದೆ. ಮನೆಮಂದಿಯ ಬಳಕೆಗೆ ಇದು ಸಾಕು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಸಹಾಯದ ವಿಷಯ. ಈ ಕೆಲಸದಲ್ಲಿ ತೊಡಗಿದವರು ಎಡವಿದಾಗ ಮನೆಯ ಹುಡುಗನನ್ನೋ ಬೆಂಗಳೂರಿನಲ್ಲಿರುವ ಅಳಿಯನನ್ನೋ ದೂರವಾಣಿಯಲ್ಲಿ ಹಿಡಿದು, 'ಸರಿಯಾಗಿ ಬರುತ್ತಿಲ್ಲ, ಏನು ಮಾಡಲಿ?' ಎಂದು ಕೇಳುತ್ತಾರೆ. ಇಂಥ ಪ್ರಶ್ನೆಗೆ ಉತ್ತರ ಹೇಳಲು ಯಾರಿಂದಲೂ ಆಗದು. ತಂತ್ರಾಂಶದ ಹೆಸರೇನು, ಅದು ಎಷ್ಟನೆಯ ಆವೃತ್ತಿ, ಅಡಿಯಲ್ಲಿ ಅಳೆಯುತ್ತಿದ್ದೀರೋ ಮೀಟರಿನಲ್ಲೋ, ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು — ಇಷ್ಟನ್ನು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಪರದೆಯ ಫೋಟೋ ತೆಗೆದು ಕಳುಹಿಸುವ ಬದಲು ನಕಾಶೆಯ ಕಡತವನ್ನೇ ಕಳುಹಿಸಿರಿ. ಫೋಟೋದಲ್ಲಿ ಕಾಣುವುದು ಬಣ್ಣ, ಅಳತೆಗಳಿರುವುದು ಕಡತದಲ್ಲಿ. ಇನ್ನೊಬ್ಬರು ಅದಕ್ಕೆ ಕೈ ಹಚ್ಚುವ ಮುನ್ನ ದಿನಾಂಕದ ಹೆಸರಿನಲ್ಲಿ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿಡುವುದು ಲೇಸು.

ಗುಂಡಿ ಯಾವುದು, ಗೆರೆ ಅಳಿಸುವುದು ಹೇಗೆ ಎಂಬುದನ್ನು ಹುಡುಗರು ಹೇಳಬಲ್ಲರು. ಆದರೆ ಮೆಟ್ಟಿಲಿಗೆ ಎಷ್ಟು ಜಾಗ ಬೇಕು ಎಂಬುದು ಗುಂಡಿಯ ಪ್ರಶ್ನೆಯಲ್ಲ. ತಂತ್ರಾಂಶದ ಪಟ್ಟಿಯಿಂದ ಮೆಟ್ಟಿಲನ್ನು ಎತ್ತಿ ನಕಾಶೆಯಲ್ಲಿ ಇಟ್ಟರೆ, ಅದನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ನಾಲ್ಕಡಿಯ ಮೂಲೆಯಲ್ಲಿ ತುರುಕಿದರೂ ಅದು ಬೇಡವೆನ್ನುವುದಿಲ್ಲ. ಹತ್ತುವ ಕಾಲು ಬೇಡವೆನ್ನುತ್ತದೆ. ವಾಸದ ಮನೆಗಳಲ್ಲಿ ಮೆಟ್ಟಿಲಿನ ಎತ್ತರ 190 ಮಿಲಿಮೀಟರು ಮೀರಬಾರದು, ಕಾಲಿಡುವ ಅಗಲ 250 ಮಿಲಿಮೀಟರಿಗೆ ಕಡಿಮೆಯಾಗಬಾರದು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸಿದೆ. ನೆಲದಿಂದ ಮೇಲಿನ ನೆಲಕ್ಕೆ ಹತ್ತೂವರೆ ಅಡಿ ಎಂದುಕೊಳ್ಳಿ. ಏಳಂಗುಲದಂತೆ 18 ಎತ್ತರಗಳಾಗುತ್ತವೆ. ಒಂಬತ್ತೊಂಬತ್ತರ ಎರಡು ಸಾಲು ಮಾಡಿ ನಡುವೆ ತಿರುವಿನ ಕಟ್ಟೆ ಇಟ್ಟರೆ, ಒಂದೊಂದು ಸಾಲಿನಲ್ಲಿ ಹತ್ತಂಗುಲದ ಎಂಟು ಮೆಟ್ಟಿಲು, ಎಂದರೆ 6 ಅಡಿ 8 ಅಂಗುಲ. ಕಟ್ಟೆಗೆ 3 ಅಡಿ. ಹೀಗೆ ಉದ್ದ 9 ಅಡಿ 8 ಅಂಗುಲ, ಅಗಲ ಎರಡು ಸಾಲಿಗೆ ಸೇರಿ ಕನಿಷ್ಠ 6 ಅಡಿ ಬೇಕು. ಮೂವತ್ತು-ನಲವತ್ತರ ನಿವೇಶನದಲ್ಲಿ ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟ ಮೇಲೆ ಇದು ಒಂದು ಕೋಣೆಯನ್ನೇ ನುಂಗುತ್ತದೆ. ಆದುದರಿಂದ ಮೆಟ್ಟಿಲನ್ನು ಮೊದಲು ಕೂಡಿಸಿ, ಕೋಣೆಗಳನ್ನು ಆಮೇಲೆ ಹೊಂದಿಸಿಕೊಳ್ಳುವುದು ಜಾಣತನ.

ಗೋಡೆಯನ್ನು ಅಳಿಸುವ ಪ್ರಶ್ನೆಯೂ ಹಾಗೆಯೇ. ಪರದೆಯ ಮೇಲೆ ಗೋಡೆ ಅಳಿಸಲು ಒಂದು ಬೆರಳು ಸಾಕು. ಪಡಸಾಲೆ ವಿಶಾಲವಾಯಿತೆಂದು ಮನಸ್ಸೂ ಹಿಗ್ಗುತ್ತದೆ. ಆ ಗೋಡೆ ಮೇಲಿನ ಸ್ಲ್ಯಾಬನ್ನು ಹೊತ್ತಿದೆಯೋ ಇಲ್ಲವೋ ಎಂಬುದು ತಂತ್ರಾಂಶಕ್ಕೆ ತಿಳಿಯದು. ಕಂಬ, ತೊಲೆ, ಕಬ್ಬಿಣ ಇವುಗಳ ಲೆಕ್ಕ ಎಂಜಿನಿಯರರದು. ಆ ಲೆಕ್ಕಕ್ಕೆ ಕೊಡುವ ಹಣವನ್ನು ಉಳಿಸಲು ಯಾರೂ ಯತ್ನಿಸಬಾರದು. ಸ್ಥಳೀಯ ಸಂಸ್ಥೆಯ ಪರವಾನಗಿಗೂ ಅರ್ಹ ವೃತ್ತಿಯವರು ಸಹಿ ಮಾಡಿದ ನಕಾಶೆಯೇ ಬೇಕು.

ಹಾಗಾದರೆ ಮನೆಮಂದಿ ಕುಳಿತು ಈ ಚಿತ್ರವನ್ನು ಬರೆಯುವುದರಿಂದ ಏನು ಪ್ರಯೋಜನ ಎಂದು ಕೇಳಬಹುದು. ನಮ್ಮ ದೃಷ್ಟಿಯಲ್ಲಿ ಬಹಳ ದೊಡ್ಡ ಪ್ರಯೋಜನವೊಂದಿದೆ. ಎಂಜಿನಿಯರರ ನೀಲಿ ನಕಾಶೆಯನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ. ಅವರು ಗಂಡಸರೇ ಆಗಿರುವುದು ವಾಡಿಕೆ. ದಿನಕ್ಕೆ ಆರೇಳು ಗಂಟೆ ಅಡುಗೆಮನೆಯಲ್ಲಿ ನಿಲ್ಲುವ ಸೊಸೆಯೂ ಮೊಣಕಾಲು ನೋವಿನ ಅತ್ತೆಯೂ ಆ ಹಾಳೆಯ ಮುಂದೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ಗೃಹಪ್ರವೇಶದ ಮರುದಿನವೇ ಮಾತು ಹೊರಡುತ್ತದೆ. ಪರದೆಯ ಮೇಲೆ ಮನೆಯ ಒಳಗೆ ನಡೆದಾಡಿಸಿ ತೋರಿಸಿದರೆ ಅದೇ ಅತ್ತೆ, 'ಬಚ್ಚಲ ಬಾಗಿಲಿಗೆ ಹೊಸ್ತಿಲು ಯಾಕ? ರಾತ್ರಿ ಎಡವಿ ಬೀಳ್ತೀನಿ' ಎಂದು ತಳಪಾಯ ತೋಡುವ ಮೊದಲೇ ಹೇಳುತ್ತಾರೆ. ಆಗ ಅದನ್ನು ತಿದ್ದಲು ತಗಲುವ ವೆಚ್ಚ ಏನೂ ಇಲ್ಲ.

ಆದರೆ ಅವರು ನೋಡುವ ಚಿತ್ರ ಅವರ ಮನೆಯದೇ ಆಗಿರಬೇಕು. ತಂತ್ರಾಂಶದ ಸಾಮಾನುಗಳ ಪಟ್ಟಿಯಲ್ಲಿ ಸೋಫಾ ಇದೆ, ಪಿಯಾನೊ ಕೂಡ ಇದೆ. ನಮ್ಮ ಜಗಲಿ ಇಲ್ಲ, ರೊಟ್ಟಿ ಬಡಿಯುವ ಜಾಗ ಇಲ್ಲ, ಜೋಳದ ಚೀಲಗಳಿಲ್ಲ, ಬಚ್ಚಲ ಹಂಡೆ ಇಲ್ಲ. ಇದಕ್ಕೊಂದು ಸುಲಭದ ಉಪಾಯವುಂಟು. ಪಟ್ಟಿಯಲ್ಲಿ ಬರಿಯ ಪೆಟ್ಟಿಗೆಯ ಆಕಾರವೊಂದಿದೆ. ಅದಕ್ಕೆ ಬೇಕಾದ ಉದ್ದ, ಅಗಲ, ಎತ್ತರ ಕೊಟ್ಟು 'ಜಗಲಿ' ಎಂದೋ 'ಜೋಳದ ಚೀಲ' ಎಂದೋ ಹೆಸರಿಡಬಹುದು. ಮನೆಯ ಬೀರುವನ್ನು, ಮಂಚವನ್ನು, ಗ್ರೈಂಡರನ್ನು ಟೇಪು ಹಿಡಿದು ಅಳೆದು ಅದೇ ಅಳತೆಯನ್ನು ತುಂಬಿರಿ. ಬೀರುವಿನ ಮುಂದೆ ಅದರ ಕದ ತೆರೆಯುವಷ್ಟು, ಅದರ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಡುವುದನ್ನು ಮರೆಯಬಾರದು. ಲಿಂಗಪೂಜೆಗೆ ಕುಳಿತುಕೊಳ್ಳುವ ಸ್ಥಳಕ್ಕೂ ಮೂರಡಿಯ ಚೌಕವೊಂದನ್ನು ಇಟ್ಟು ನೋಡಿರಿ. ದೇವರ ಕೋಣೆಯೆಂದು ಹೆಸರಿಟ್ಟ ಎಷ್ಟೋ ಕೋಣೆಗಳಲ್ಲಿ ಫೋಟೋಗಳಿಗೆ ಸ್ಥಳವುಂಟು, ಕುಳಿತುಕೊಳ್ಳುವವರಿಗೆ ಇಲ್ಲ. ಅಜ್ಜ ಒಂದು ದಿನ ಗಾಲಿಕುರ್ಚಿಯಲ್ಲಿ ಬರಬೇಕಾದೀತು ಎಂಬುದನ್ನು ನೆನೆದು, ಕೆಳಮನೆಯ ಒಂದು ಕೋಣೆಗೂ ಅದರ ಬಚ್ಚಲಿಗೂ ಮೂರಡಿಯ ಬಾಗಿಲು ಇಡುವುದು ಒಳಿತು. ಬಚ್ಚಲಿಗೆ ಎರಡೂವರೆ ಅಡಿ ಸಾಕೆಂಬ ರೂಢಿ ನಮಗೆ ಒಪ್ಪಿಗೆಯಿಲ್ಲ.

ದಿಕ್ಕಿನ ಬಗ್ಗೆಯೂ ಪತ್ರದಲ್ಲಿ ಒಂದು ಮಾತಿದೆ. ವಾಸ್ತುವಿನ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ಬಿಸಿಲಿನ ಲೆಕ್ಕವನ್ನಷ್ಟೇ ಹೇಳುತ್ತೇವೆ. ನಕಾಶೆಯ ಮೇಲೆ ದಿಕ್ಸೂಚಿಯ ಗುರುತೊಂದಿರುತ್ತದೆ. ಅದನ್ನು ತಿರುಗಿಸಿ ನಿವೇಶನದ ನಿಜವಾದ ಉತ್ತರಕ್ಕೆ ಹೊಂದಿಸಬೇಕು, ಊರಿನ ಅಕ್ಷಾಂಶ-ರೇಖಾಂಶಗಳನ್ನೂ ತುಂಬಬೇಕು. ಆಮೇಲೆ ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ ಪಡುವಣ ಕಿಟಕಿಯಿಂದ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂಬ ಚಿತ್ರವನ್ನು ಅದೇ ಬಿಡಿಸಿಕೊಡುತ್ತದೆ. ವಿದೇಶದ ಪುಸ್ತಕಗಳಲ್ಲಿ ಬಿಸಿಲೆಲ್ಲ ದಕ್ಷಿಣದಿಂದಲೇ ಎಂದು ಬರೆದಿರುವುದನ್ನು ನಂಬಿ ಉತ್ತರದ ಕಿಟಕಿಗೆ ಛಜ್ಜೆ ಬೇಡವೆನ್ನುವವರಿದ್ದಾರೆ. ಬಾಗಲಕೋಟೆ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಛಜ್ಜೆ ಆ ಬದಿಗೂ ಬೇಕು.

ಎಂಜಿನಿಯರರು ಕೊಟ್ಟ ಕಾಗದದ ನಕಾಶೆಯನ್ನು ಗಣಕಯಂತ್ರಕ್ಕೆ ಏರಿಸಿ ಅದರ ಮೇಲೆಯೇ ಗೋಡೆಗಳನ್ನು ಎಳೆಯಬಹುದೇ ಎಂದೂ ಕೇಳಿದ್ದಾರೆ. ಅವಶ್ಯವಾಗಿ ಎಳೆಯಬಹುದು. ಆಗ ತಂತ್ರಾಂಶವು, ಅಳತೆ ಗೊತ್ತಿರುವ ಒಂದು ಗೆರೆಯನ್ನು ತೋರಿಸಿ ಅದರ ಉದ್ದವನ್ನು ಹೇಳಿರಿ ಎಂದು ಕೇಳುತ್ತದೆ. ಇಲ್ಲಿ ಮೂರಡಿಯ ಬಾಗಿಲನ್ನು ತೋರಿಸುವುದು ಬೇಡ. ಅಲ್ಲಿ ಒಂದಂಗುಲ ತಪ್ಪಿದರೆ ನಲವತ್ತಡಿಯಲ್ಲಿ ಹದಿಮೂರು ಅಂಗುಲ ತಪ್ಪುತ್ತದೆ. ನಕಾಶೆಯಲ್ಲಿ ಅಳತೆ ಬರೆದಿರುವ ಅತ್ಯಂತ ಉದ್ದದ ಬದಿಯನ್ನೇ ತೋರಿಸಿರಿ.

ಕೊನೆಯದು ಮುದ್ರಣ. ಪರದೆಯನ್ನು ನೋಡಿ ಬೇಸರಪಡುವ ಹಿರಿಯರಿಗೆ ಕಾಗದವೇ ಆಗಬೇಕು. ಒಂದಕ್ಕೆ ಐವತ್ತರ ಪ್ರಮಾಣದಲ್ಲಿ ಮುದ್ರಿಸಿದರೆ ಮೂವತ್ತು-ನಲವತ್ತರ ಇಡೀ ನಿವೇಶನ 18.3 ಸೆಂಟಿಮೀಟರಿಗೆ 24.4 ಸೆಂಟಿಮೀಟರು ಬರುತ್ತದೆ. ಸಾಮಾನ್ಯ ಎ-4 ಹಾಳೆಯಲ್ಲಿ ಅದಕ್ಕೆ ಸ್ಥಳವಿದೆ. ಮಕ್ಕಳ ಅಳತೆಕೋಲನ್ನು ಇಟ್ಟು ನೋಡಿದರೆ ಎರಡು ಸೆಂಟಿಮೀಟರಿಗೆ ಒಂದು ಮೀಟರು. ಮುದ್ರಿಸುವ ಅಂಗಡಿಯವರು ಅಭ್ಯಾಸಬಲದಿಂದ 'ಹಾಳೆಗೆ ಹೊಂದಿಸು' ಎಂಬ ಆಯ್ಕೆಯನ್ನು ಒತ್ತಿಬಿಡುತ್ತಾರೆ. ಹಾಗಾದರೆ ಪ್ರಮಾಣ ಕೆಟ್ಟು ಅಳತೆಕೋಲು ಸುಳ್ಳಾಗುತ್ತದೆ. ನೂರಕ್ಕೆ ನೂರು ಅಳತೆಯಲ್ಲಿಯೇ ಮುದ್ರಿಸಲು ಹೇಳಿ, ಹಾಳೆ ಕೈಗೆ ಬಂದ ಕೂಡಲೆ ನಲವತ್ತಡಿಯ ಬದಿಯನ್ನು ಅಲ್ಲಿಯೇ ಅಳೆದು ನೋಡಿ ಹಣ ಕೊಡಿರಿ.