ಕತೆಯನ್ನು ಕಟಕಟೆಗೆ ಎಳೆಯಬೇಡಿ

ಪುತ್ತೂರಿನ ಅಡಿಕೆ ವ್ಯಾಪಾರಿ ಗೋಣಿ ತಂದವನ ಹೆಸರು ಕೇಳಿ ದರ ಹೇಳುವುದಿಲ್ಲ. ಗೋಣಿಯಿಂದ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ, ಒಳಗಿನ ಬಣ್ಣ ನೋಡಿದ ಬಳಿಕವೇ ಇದು ಚಾಲಿ, ಇದು ಪಟೋರ, ಇದು ಕರಿಗೋಟು ಎಂದು ತೀರ್ಮಾನಿಸುತ್ತಾನೆ. ಪುಸ್ತಕದ ವಿಷಯದಲ್ಲಿ ಮಾತ್ರ ಈ ಶಿಸ್ತು ನಮ್ಮಲ್ಲಿ ಮಾಯವಾಗುತ್ತದೆ. ಬರೆದವರದ್ದು ಮುಸ್ಲಿಮ್ ಹೆಸರಾದರಂತೂ ಪುಟ ತೆರೆಯುವ ಮೊದಲೇ ಎರಡು ತೀರ್ಪುಗಳು ಸಿದ್ಧವಾಗಿರುತ್ತವೆ. ‘ಮುಸ್ಲಿಮ್ ಬದುಕಿನ ಒಳನೋಟ’ ಎಂಬುದು ಹೊರಗಿನವರ ತೀರ್ಪು. ‘ಮನೆಯ ಗುಟ್ಟನ್ನು ಬೀದಿಗೆ ತಂದರು’ ಎಂಬುದು ನಮ್ಮವರದ್ದು. ಒಂದು ಹೊಗಳಿಕೆ, ಇನ್ನೊಂದು ಬೈಗುಳ. ಆದರೆ ಎರಡರ ಹಿಂದಿರುವ ನಂಬಿಕೆ ಒಂದೇ. ಮುಸ್ಲಿಮರು ಬರೆಯುವುದು ಕತೆಯಲ್ಲ, ಸಮುದಾಯದ ಪರವಾಗಿ ಅಥವಾ ವಿರುದ್ಧವಾಗಿ ಕೊಡುವ ಸಾಕ್ಷಿ!

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ನೆರೆಯ ಕೊಡಗಿನ ದೀಪಾ ಭಾಸ್ತಿ. ಕನ್ನಡದ ಕೃತಿಗೆ ಈ ಪ್ರಶಸ್ತಿ ಸಂದದ್ದು ಅದೇ ಮೊದಲು. ಕಥಾಸಂಕಲನವೊಂದಕ್ಕೆ ಸಂದದ್ದೂ ಅದೇ ಮೊದಲು. ಆ ಬಳಿಕ ಬಂದ ಲೇಖನಗಳನ್ನು ಓದಿ, ಭಾಷಣಗಳನ್ನು ಕೇಳಿ, ನಾವು ಕತೆಗಳನ್ನು ಮತ್ತೆ ಕೈಗೆತ್ತಿಕೊಂಡೆವು. ನಮಗೆ ಆಶ್ಚರ್ಯ ಕಾದಿತ್ತು. ನೋವು, ಶೋಷಣೆ, ದನಿಯಿಲ್ಲದವರ ದನಿ ಎಂಬ ಮಾತುಗಳನ್ನು ಧಾರಾಳವಾಗಿ ಕೇಳಿದ್ದೆವು. ಈ ಲೇಖಕಿ ನಗಿಸುತ್ತಾರೆ ಎಂದು ಹೇಳಿದವರು ಮಾತ್ರ ತೀರಾ ವಿರಳ.

ಬೇಸಗೆ ರಜೆಯಲ್ಲಿ ಮನೆ ತುಂಬ ಮಕ್ಕಳು. ಅವರ ಗಲಾಟೆಯಿಂದ ತಲೆ ಚಿಟ್ಟುಹಿಡಿದ ರಜಿಯಾ, ಅವರನ್ನು ಕೆಲವು ದಿನ ಹಾಸಿಗೆಯಲ್ಲಿ ಮಲಗಿಸಲು ಕಂಡುಕೊಳ್ಳುವ ಉಪಾಯ ಖತ್ನಾ! ಜೊತೆಗೆ ಬಡ ಮಕ್ಕಳಿಗೂ ಸಾಮೂಹಿಕ ಖತ್ನಾ. ಬಡವರ ಮಕ್ಕಳ ಗಾಯಕ್ಕೆ ಬೂದಿ, ಮನೆಯ ಮಗನಿಗೆ ಡಾಕ್ಟರು ಮತ್ತು ಔಷಧಿ. ಕೊನೆಗೆ ಬೇಗ ಗುಣವಾಗಿ ಓಡಾಡುವವನು ಬಡವರ ಹುಡುಗ ಆರಿಫ್. ಇಲ್ಲಿ ಲೇಖಕಿ ಭಾಷಣ ಮಾಡುವುದಿಲ್ಲ. ನಾವು ನಗುತ್ತಾ ಓದುತ್ತೇವೆ, ನಗು ಮುಗಿಯುವ ಹೊತ್ತಿಗೆ ಸಿರಿತನದ ಮಾನ ಹೋಗಿರುತ್ತದೆ.

ಇನ್ನೊಂದು ಕತೆಯಲ್ಲಿ ಹಜ್‌ಗೆ ಹೊರಟ ಶಾಜಿಯಾಳ ಬಳಿ ಬಡ ಮುದುಕಿ ಯಾಸೀನ್ ಬುವಾ, ಝಂಝಂ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡಲು ಬೇಡಿಕೊಳ್ಳುತ್ತಾಳೆ. ಶಾಜಿಯಾ ಮರೆತುಬಿಡುತ್ತಾಳೆ. ಮುದುಕಿ ತೀರಿಕೊಳ್ಳುತ್ತಾಳೆ. ಇಲ್ಲಿ ತಲಾಖ್ ಇಲ್ಲ, ಮುತವಲ್ಲಿ ಇಲ್ಲ, ಹೊಡೆಯುವ ಗಂಡನೂ ಇಲ್ಲ. ಇರುವುದು ಉಳ್ಳವರ ಒಂದು ಮರೆವು, ಅಷ್ಟೆ. ಕಾಶಿಗೆ ಹೋದವರಿಗೂ, ಶಬರಿಮಲೆಗೆ ಹೋದವರಿಗೂ ಊರಿನ ಬಡವರು ಏನೋ ಒಂದು ತರಲು ಹೇಳಿಯೇ ಇರುತ್ತಾರೆ. ಈ ಕತೆಯನ್ನು ‘ಮುಸ್ಲಿಮ್ ಸಮಸ್ಯೆ’ಯ ಕಪಾಟಿಗೆ ಸೇರಿಸಿದವರು ಓದಿದ್ದಾದರೂ ಏನನ್ನು?

ಎಲ್ಲ ಕತೆಗಳೂ ಒಂದೇ ತೂಕದವಲ್ಲ. ಅಲ್ಲಲ್ಲಿ ಗಂಡಸರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಾರೆ. ‘ಕರಿ ನಾಗರಗಳು’ ಕತೆಯ ಮುತವಲ್ಲಿ ಕಾಲಿಟ್ಟ ಕೂಡಲೇ ಅವನು ಯಾರ ಪಕ್ಷ ವಹಿಸುತ್ತಾನೆಂದು ಓದುಗನಿಗೆ ತಿಳಿದುಹೋಗುತ್ತದೆ. ಆದರೆ ಅದೇ ಮುತವಲ್ಲಿಯ ಹೆಂಡತಿ ಅಮೀನಾ, ಕೊನೆಯಲ್ಲಿ ಆಪರೇಷನ್‌ಗೆಂದು ಮನೆಯಿಂದ ಹೊರಟು ನಿಲ್ಲುವ ಗಳಿಗೆ ನಮ್ಮ ಎಣಿಕೆಗೆ ಸಿಕ್ಕುವಂಥದ್ದಲ್ಲ. ಕತೆ ಎದ್ದು ನಿಲ್ಲುವುದು ಅಲ್ಲಿ. ಹೀಗೆ ಇದು ಗೆದ್ದಿತು, ಇದು ಸೋತಿತು ಎಂದು ಹೇಳುವುದೇ ಓದು. ಸಾಕ್ಷಿಗೆ ಸುಳ್ಳು ಅಥವಾ ನಿಜ ಎಂಬ ಎರಡೇ ಅಳತೆ. ಕತೆಗೆ ಅದು ಸಾಲದು.

ಓದದೆ ತೀರ್ಪು ಕೊಡುವ ಈ ಚಟಕ್ಕೆ ನಮ್ಮ ಊರೂ ಹೊರತಲ್ಲ. 1985ರಲ್ಲಿ ಇದೇ ಪುತ್ತೂರಿನ ಸಾಹಿತ್ಯ ಸಮಾರಂಭವೊಂದರಲ್ಲಿ ಸಾರಾ ಅಬೂಬಕ್ಕರ್ ಅವರ ಮೇಲೆ ಹಲ್ಲೆ ನಡೆಯಿತು. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಕೈಯನ್ನು ತಡೆಯಲು ಹೊರಟವರಲ್ಲಿ ಎಷ್ಟು ಮಂದಿ ನಾದಿರಾಳ ಕತೆಯನ್ನು ಕೊನೆಯವರೆಗೆ ಓದಿದ್ದರು? 2000ದಲ್ಲಿ ಬಾನು ಮುಷ್ತಾಕ್ ಅವರು ಮಹಿಳೆಯರ ಮಸೀದಿ ಪ್ರವೇಶದ ಹಕ್ಕಿನ ಕುರಿತು ಮಾತನಾಡಿದ್ದಕ್ಕೆ ಸಾಮಾಜಿಕ ಬಹಿಷ್ಕಾರ ಬಂತು, ಚಾಕು ಹಿಡಿದು ಬಂದವರೂ ಇದ್ದರು. ಇಪ್ಪತ್ತೈದು ವರ್ಷ ಕಳೆದು, 2025ರಲ್ಲಿ, ಮೈಸೂರು ದಸರಾ ಉದ್ಘಾಟನೆಗೆ ಅದೇ ಲೇಖಕಿಯನ್ನು ಸರಕಾರ ಕರೆದಾಗ, ಮುಸ್ಲಿಮ್ ಆದ ಕಾರಣಕ್ಕೆ ಅವರು ಬರಬಾರದೆಂದು ಬೇರೊಂದು ಗುಂಪು ಸುಪ್ರೀಮ್ ಕೋರ್ಟಿನವರೆಗೂ ಹೋಯಿತು. ಅರ್ಜಿ ವಜಾಗೊಂಡಿತು, ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಒಬ್ಬರಿಗೆ ಅವರು ಸಾಕಷ್ಟು ಮುಸ್ಲಿಮರಲ್ಲ, ಇನ್ನೊಬ್ಬರಿಗೆ ತೀರಾ ಮುಸ್ಲಿಮರು. ಎರಡು ಗದ್ದಲಗಳಲ್ಲೂ ಅವರ ಒಂದು ಕತೆಯ ಒಂದು ಸಾಲಿನ ಚರ್ಚೆಯೂ ಕೇಳಿಬರಲಿಲ್ಲ.

ನಮ್ಮ ಹಿರಿಯರ ಅಂಜಿಕೆ ನಮಗೆ ಅರ್ಥವಾಗದ್ದಲ್ಲ. ‘ಕಾಲ ಸರಿಯಿಲ್ಲ ಮಗಾ, ನಾವು ಬರೆದದ್ದನ್ನೇ ನಮ್ಮ ವಿರುದ್ಧ ಎತ್ತಿ ತೋರಿಸುತ್ತಾರೆ’ ಎನ್ನುತ್ತಾರೆ. 2022ರಲ್ಲಿ ಕಾಲೇಜಿನ ಗೇಟಿನ ಹೊರಗೆ ನಮ್ಮ ಹೆಣ್ಣುಮಕ್ಕಳು ನಿಂತದ್ದನ್ನು ಕಂಡ ಕರಾವಳಿಯಲ್ಲಿ ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ನಾವು ಬರೆಯದಿದ್ದರೆ ಅವರು ಸುಮ್ಮನಿರುತ್ತಾರೆಯೇ? 2007ರಲ್ಲಿ ಬಂದ ಭೈರಪ್ಪನವರ ‘ಆವರಣ’ಕ್ಕೆ ನಮ್ಮ ಯಾವ ಕತೆಗಾರರ ಸಾಕ್ಷಿಯೂ ಬೇಕಾಗಲಿಲ್ಲ. ಆಧಾರಗ್ರಂಥಗಳ ಪಟ್ಟಿಯನ್ನು ಒಡಲಲ್ಲೇ ಇಟ್ಟುಕೊಂಡ ಆ ಕಾದಂಬರಿಯನ್ನು ಎಷ್ಟೋ ಮಂದಿ ಇತಿಹಾಸವೆಂದೇ ಓದಿದರು. ಕಾದಂಬರಿಯನ್ನು ದಾಖಲೆಯೆಂದು ಓದುವ ಚಟ ಏನು ಮಾಡುತ್ತದೆಂದು ಅನುಭವಿಸಿದವರು ನಾವೇ. ಹಾಗಿರುವಾಗ ಅದೇ ಚಟವನ್ನು ನಮ್ಮ ಲೇಖಕಿಯರ ಮೇಲೆ ಪ್ರಯೋಗಿಸುವುದು ಯಾವ ನ್ಯಾಯ?

ಇನ್ನು ಹೊರಗಿನವರ ಹೊಗಳಿಕೆಯ ಮಾತು. ಪುತ್ತೂರಿನಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರ ಮೂಕಜ್ಜಿ ಬಾಲವಿಧವೆ. ಆ ಕಾದಂಬರಿಯನ್ನು ‘ಬ್ರಾಹ್ಮಣ ಸಮುದಾಯದ ಒಳನೋಟ’ ಎಂದು ಯಾರೂ ಮೂಲೆಗೆ ಸರಿಸಲಿಲ್ಲ. ಅದು ಕನ್ನಡದ ಕಾದಂಬರಿಯಾಯಿತು, 1977ರ ಜ್ಞಾನಪೀಠ ಪಡೆಯಿತು. ಅದೇ ಪುತ್ತೂರಿನ ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ, ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರೂ ‘ಮುಸ್ಲಿಮ್ ಸಂವೇದನೆಯ ಲೇಖಕ’ ಎಂಬ ಹಣೆಪಟ್ಟಿ ಕಳಚುವುದಿಲ್ಲ. ಮುತ್ತುಪ್ಪಾಡಿಯಲ್ಲಿ ಬಾಳುವವರು ಬರೇ ಮುಸ್ಲಿಮರೇ?

ನಮ್ಮ ಕತೆಯೊಂದರಲ್ಲಿ ಮಗಳು ಅಳುತ್ತಾ ‘ಮಯ್ಯತ್ತು’ ಎನ್ನುತ್ತಾಳೆ. ಸಂಪಾದಕರೊಬ್ಬರು ಅದರ ಪಕ್ಕದಲ್ಲಿ, ಅವಳ ಅಳುವಿನ ನಡುವೆಯೇ, ಕಂಸ ಹಾಕಿ ‘ಶವ’ ಎಂದು ಸೇರಿಸಿ ಅಚ್ಚು ಮಾಡಿದರು. ಅರ್ಜಿ, ವಕೀಲ, ತಕರಾರು, ಜಾಮೀನು, ತಾಲೂಕು ಎಂಬ ಪದಗಳಿಗೆ ಯಾರಾದರೂ ಕಂಸ ಹಾಕುತ್ತಾರೆಯೇ? ಅವು ಬಂದದ್ದೂ ಅದೇ ದಾರಿಯಿಂದ. ದೀಪಾ ಭಾಸ್ತಿ ಇಂಗ್ಲಿಷ್ ಓದುಗರ ಮುಂದೆ ಕನ್ನಡದ, ಉರ್ದುವಿನ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿಯಿಲ್ಲದೆ ಇಟ್ಟರು. ಲಂಡನ್ನಿನ ತೀರ್ಪುಗಾರರಿಗೆ ಅದರಿಂದ ಅಡ್ಡಿಯಾಗಲಿಲ್ಲ. ಗೋಡೆಯಾಚೆ ನಿತ್ಯ ಈ ಪದಗಳನ್ನು ಕೇಳುವ ಕನ್ನಡಿಗನಿಗೆ ಅಡ್ಡಿಯಾಗುತ್ತದೆಯೇ?

ಉರ್ದುವಿನಲ್ಲೂ ಓದಿ ಬೆಳೆದ ನಮಗೆ ಈ ಕಟಕಟೆ ಹೊಸತಲ್ಲ. 1942ರಲ್ಲಿ ಪ್ರಕಟವಾದ ‘ಲಿಹಾಫ್’ ಕತೆಗಾಗಿ ಇಸ್ಮತ್ ಚುಗ್ತಾಯಿ ಲಾಹೋರಿನ ಕೋರ್ಟಿಗೆ ಅಲೆದರು. ಕ್ಷಮೆ ಕೇಳಲಿಲ್ಲ, ಗೆದ್ದರು. ಮಂಟೋ ದೇಶ ವಿಭಜನೆಯ ಮೊದಲು ಮೂರು ಸಲ, ಬಳಿಕ ಮೂರು ಸಲ ವಿಚಾರಣೆ ಎದುರಿಸಿದರು. ಅವರ ಮೇಲೆ ದಾವೆ ಹೂಡಿದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಕತೆಗಳನ್ನು ಮಾತ್ರ ಜನ ಓದುತ್ತಲೇ ಇದ್ದಾರೆ.

ನಾವು ಕೇಳುವುದು ದೊಡ್ಡದೇನಲ್ಲ. ಜಮಾಅತ್‌ಗಳು ಸನ್ಮಾನದ ಶಾಲು ಹೊದಿಸುವ ಮೊದಲು ತಾವು ನಡೆಸುವ ಶಾಲೆಗಳ ಕಪಾಟಿನಲ್ಲಿ ಸಾರಾ, ಬೊಳುವಾರು, ಬಾನು ಅವರ ಪುಸ್ತಕಗಳನ್ನಿಡಲಿ. ‘ನೀಲಕುರಿಂಜಿ’ಗೆ 2022ರ ಯುವ ಪುರಸ್ಕಾರ ಪಡೆದ ದಾದಾಪೀರ್ ಜೈಮನ್ ಅವರಂತಹ ಹೊಸಬರನ್ನೂ ಇಡಲಿ. ಕಪಾಟಿಗೆ ಬೀಗ ಹಾಕದಿರಲಿ. ವಿಮರ್ಶಕರು ಸಮುದಾಯದ ಬಗ್ಗೆ ನಾಲ್ಕು ವಾಕ್ಯ ಬರೆಯುವ ಮೊದಲು ಕತೆಯ ಕಟ್ಟಿನ ಬಗ್ಗೆ ಒಂದು ವಾಕ್ಯ ಬರೆಯಲಿ. ಇಷ್ಟವಾಗದಿದ್ದರೆ ಕತೆ ಚೆನ್ನಾಗಿಲ್ಲ ಎಂದು ಧೈರ್ಯವಾಗಿ ಹೇಳಲಿ, ನಮಗೆ ಬೇಸರವಿಲ್ಲ. ಆದರೆ ಹಾಗೆ ಹೇಳುವ ಮುಂಚೆ ಕೊನೆಯ ಪುಟದವರೆಗೆ ಓದಿರಬೇಕು.